ಕಿರಣ ನಿಲ್ಲುವ ಜಾಗ

ಚಿಕ್ಕಪ್ಪನ ತಲೆಬುರುಡೆಯ ತಳದಲ್ಲಿ ಗಡ್ಡೆ ಬೆಳೆದಿತ್ತು. ಅದರ ಹಿಂದೆಯೇ ಉಸಿರನ್ನೂ ನುಂಗುವುದನ್ನೂ ನಡೆಸುವ ಮಿದುಳಿನ ಕಾಂಡ. ಸರ್ಜನ್ ಕೈಚೆಲ್ಲಿದರು. ಉಳಿದದ್ದು ಗಡ್ಡೆಯನ್ನು ಸುಡುವ ಕಾರ್ಬನ್ ಕಿರಣ. ಅದು ಯಾವ ಕೋನದಿಂದ ಹೋಗಬೇಕೆಂದು ಆಸ್ಪತ್ರೆಯಲ್ಲಿ ಲೆಕ್ಕ ಹಾಕುವವಳು ಚಿಕ್ಕಪ್ಪನ ಅಣ್ಣನ ಮಗಳೇ. ಮನೆಯವರ ಕೇಸು ತನಗೆ ಬೇಡವೆಂದು ಹೇಳಿನೋಡಿದಳು. ಆ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಈ ಕಿರಣ ಎಕ್ಸ್-ರೇಯಂತೆ ದೇಹ ಹಾಯ್ದು ಆಚೆ ಹೋಗುವುದಿಲ್ಲ. ಹೇಳಿದಷ್ಟು ಆಳಕ್ಕಿಳಿದು, ನಿಂತಲ್ಲೇ ಬಲವನ್ನೆಲ್ಲ ಸುರಿಯುತ್ತದೆ. ಕಂಪ್ಯೂಟರ್ ನೂರಾರು ಕೋನಗಳನ್ನು ತೂಗಿ, ಮುಂದಿನಿಂದ, ಮೂಗಿನ ಪಕ್ಕದಿಂದ ಹೋಗುವುದನ್ನು ಆರಿಸಿತು. ತಲೆಯ ಎಡಬದಿಯಿಂದ ಹೋದರೆ ಎಡಗಿವಿ ಕೆಡುತ್ತಿತ್ತು. ಚಿಕ್ಕಪ್ಪ ಪಿಯಾನೊಗಳಿಗೆ ಶ್ರುತಿ ಕೂರಿಸುವವರು. ಕಿವಿಯೇ ಅವರ ಹೊಟ್ಟೆಪಾಡು. ಅವಳು ಮುಂದಿನ ಕೋನವನ್ನೇ ಒಪ್ಪಿದಳು.

ಚಿಕಿತ್ಸೆಯ ಎರಡನೇ ವಾರ, ತಲೆ ಅಲುಗದಂತೆ ಮುಖಕ್ಕೆ ಜಾಲರಿ ಮುಖವಾಡ ಬಿಗಿಯುವ ಮೊದಲು ಚಿಕ್ಕಪ್ಪ ನಕ್ಕರು.

"ಪುಟ್ಟಿ, ನಿನ್ನ ಕಿರಣ ನೆಗಡೀನೂ ಓಡಿಸ್ತು ನೋಡು. ಸ್ಕ್ಯಾನ್ ಮಾಡಿದಾಗ ಮೂಗಿಗೆ ಗೋಡೆ ಕಟ್ಟಿದಂಗಿತ್ತು. ಈಗ ಆರಾಮಾಗಿ ಉಸಿರಾಡ್ತಿದೀನಿ."

ಅವಳು ಮುಖವಾಡವನ್ನು ಕೆಳಗಿಟ್ಟಳು. "ಯಾವಾಗಿಂದ ಚಿಕ್ಕಪ್ಪ?"

"ಮೂರ್ನಾಲ್ಕು ದಿನ ಆಯ್ತಮ್ಮ. ಯಾಕೆ, ಮುಖ ಹಿಂಗೆ ಮಾಡ್ಕೊಂಡೆ?"

ಅವಳು ಯಂತ್ರ ನಿಲ್ಲಿಸಿ ಹೊಸ ಸ್ಕ್ಯಾನ್ ಮಾಡಿಸಿದಳು. ದಿನವೂ ತೆಗೆಯುವ ಎಕ್ಸ್-ರೇ ಎಲುಬು ಸರಿಯಾಗಿ ಕೂತಿದೆಯೇ ಎಂದಷ್ಟೇ ನೋಡುತ್ತಿತ್ತು. ಮೂಗಿನ ಪಕ್ಕದ ಕಫ ತುಂಬಿದ್ದ ಪೊಳ್ಳಿನಲ್ಲಿ ಈಗ ಬರೀ ಗಾಳಿ. ಕಿರಣದ ಆಳದ ಲೆಕ್ಕ ಹಾಕಿದ್ದು ಆ ಕಫವನ್ನೂ ಸೇರಿಸಿಯೇ. ತಡೆಯುವುದೇನೂ ಇಲ್ಲದೆ ಕಿರಣ ಗಡ್ಡೆಯನ್ನು ದಾಟಿ ಮಿದುಳಿನ ಕಾಂಡದೊಳಗೆ ನಿಂತಿತ್ತು. ಒಂದು ಸಲವಲ್ಲ.

ಅವಳು ಏನನ್ನೂ ಮುಚ್ಚಿಡಲಿಲ್ಲ. "ಇನ್ನು ಎಡಬದಿಯಿಂದಾನೇ ಬಿಡ್ಬೇಕು. ಎಡಗಿವಿ ಉಳಿಯಲ್ಲ, ಚಿಕ್ಕಪ್ಪ."

ಅವರು ಎಡಗಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. "ಬಲಗಿವಿಗೆ ಸಂಬಳ ಜಾಸ್ತಿ ಮಾಡೋಣ ಬಿಡು. ಈಗಾಗ್ಲೇ ಒಳಗೆ ಹೋಗಿದ್ದರ ಕಥೆ?"

"ತಿಂಗಳುಗಟ್ಟಲೆ ಏನೂ ಗೊತ್ತಾಗಲ್ಲ. ಏನೂ ಆಗದೇನೂ ಇರಬಹುದು. ನುಂಗೋಕೆ ತೊಂದರೆ ಆದ್ರೆ ಮಾತ್ರ ತಕ್ಷಣ ಹೇಳಿ."

"ನಿನ್ನ ಚಿಕ್ಕಮ್ಮಂಗೆ ಹೇಳ್ಬೇಡ."

ಅವಳು ಅಂದೇ ಹೇಳಿದಳು. ಚಿಕ್ಕಮ್ಮ ಬೈಯುತ್ತಾರೆಂದು ಕಾದಳು, ಅವರು ಬೈಯಲಿಲ್ಲ.

ಚಿಕಿತ್ಸೆ ಮುಗಿಯಿತು. ಗಡ್ಡೆ ಕುಗ್ಗಿತು, ಎಡಗಿವಿ ಮುಚ್ಚಿಕೊಂಡಿತು. ಚಿಕ್ಕಪ್ಪ ತಲೆ ಓರೆ ಮಾಡಿಕೊಂಡೇ ಮತ್ತೆ ಕೆಲಸಕ್ಕೆ ಹೊರಟರು. ಮನೆಯಲ್ಲಿ ನಗು ಮರಳಿತು.

ಚಳಿಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ನೀರು ಕುಡಿಯುತ್ತಿದ್ದ ಚಿಕ್ಕಪ್ಪ ಕೆಮ್ಮಿದರು.

"ನೆತ್ತಿಗೇರ್ತು," ಎಂದು ಕಣ್ಣೊರೆಸಿಕೊಂಡು ನಕ್ಕರು.

ಬೆನ್ನು ತಟ್ಟುತ್ತಿದ್ದ ಚಿಕ್ಕಮ್ಮನ ಕೈ ಅಲ್ಲೇ ನಿಂತಿತು. ಅವರು ಎದುರಿಗೆ ಕೂತಿದ್ದ ಪುಟ್ಟಿಯ ಕಡೆ ನೋಡಿದರು. ಚಿಕ್ಕಪ್ಪ ಇನ್ನೊಂದು ಗುಟುಕು ತೆಗೆದುಕೊಂಡರು. ಮತ್ತೆ ಕೆಮ್ಮಿದರು.