ಒಡೆದ ಪೈಪು

ಅಳಿಯ ಹಜಾರದಲ್ಲಿ ಬಂದು ಕೂತ ಗಳಿಗೆಯಲ್ಲೇ ಕಂಡಕ್ಟರಿಗೆ ಬಚ್ಚಲಮನೆಯ ವಾಲ್ವು ನೆನಪಾಯಿತು. ಅದು ಕೆಟ್ಟು ವರ್ಷವಾಗಿತ್ತು. ತಿರುಪಿದರೆ ಸುಮ್ಮನೆ ಸುತ್ತುತ್ತಿತ್ತು, ನೀರು ಮಾತ್ರ ನಿಲ್ಲುತ್ತಿರಲಿಲ್ಲ. ಹೊಸದೊಂದನ್ನು ತಂದು ಗೂಡಿನಲ್ಲಿಟ್ಟು ಮರೆತೇಬಿಟ್ಟಿದ್ದರು. ಇವತ್ತು, ಮಗಳನ್ನು ವಾಪಸು ಕರೆದೊಯ್ಯಲು ಅವಳ ಗಂಡ ಬಂದಿರುವಾಗ, ಅದನ್ನು ಈಗಿಂದೀಗಲೇ ಬದಲಾಯಿಸದಿದ್ದರೆ ಮನೆಯೇ ಮುಳುಗಿಹೋಗುವುದೇನೋ ಎಂಬಂತೆ ಸ್ಪ್ಯಾನರ್ ಹಿಡಿದು ಒಳಗೆ ನಡೆದರು.

ಕೆಲವು ತಿಂಗಳ ಹಿಂದೆ ಮಗಳು ಒಂದೇ ಒಂದು ಬ್ಯಾಗು ಹಿಡಿದು ಬಂದಾಗ ಅವಳ ಮಣಿಕಟ್ಟು ಊದಿಕೊಂಡಿತ್ತು. ಬಾಗಿಲಿಗೆ ಸಿಕ್ಕಿತು ಅಂದಳು. ಅಪ್ಪ ನಂಬಲಿಲ್ಲ, ಕೆದಕಿ ಕೇಳಲೂ ಇಲ್ಲ. ಅಳಿಯನೋ ಇವತ್ತು ಬಲು ಮರ್ಯಾದಸ್ಥ. ನೀವು ಹಿರಿಯರು, ನೀವು ಬೇಡ ಅಂದರೆ ಸುಮ್ಮನೆ ಹೋಗಿಬಿಡುತ್ತೇನೆ ಎಂದಿದ್ದ. ಮಗಳು ಅಪ್ಪನ ಮುಖ ನೋಡಿದ್ದಳು. ಬಸ್ಸಿನಲ್ಲಿ ಗಂಟಲು ಹರಿಯುವಂತೆ ಕೂಗಿ ಜನರನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತಲೇ ವಯಸ್ಸು ಕಳೆದ ಮನುಷ್ಯ, 'ಬೇಡ' ಅನ್ನಲಾರದೆ ವಾಲ್ವಿನ ನೆಪ ಹೇಳಿ ಎದ್ದಿದ್ದರು. ಕಾಲಿಗೆ ಬುದ್ಧಿ ಹೇಳುವುದೆಂದರೆ ಇದೇ. ಓಡಿದ್ದು ಬಚ್ಚಲಮನೆಯವರೆಗೆ, ಅಷ್ಟೆ.

ಕೆಲಸ ಗೊತ್ತಿಲ್ಲದವರೇನಲ್ಲ. ಹಳೇ ಪ್ಲಾಸ್ಟಿಕ್ ಪೈಪು ಒಣಗಿ ಪೆಡಸಾಗಿರುತ್ತದೆ, ಒಂದು ಸ್ಪ್ಯಾನರಿನಲ್ಲಿ ಪೈಪಿನ ಕಡೆ ಬಿಗಿಯಾಗಿ ಹಿಡಿದು ಇನ್ನೊಂದರಲ್ಲಿ ವಾಲ್ವು ತಿರುಗಿಸಬೇಕು, ಅದಕ್ಕೂ ಮೊದಲು ಗೇಟಿನ ಹತ್ತಿರದ ಮೇನ್ ವಾಲ್ವು ಮುಚ್ಚಬೇಕು. ಎಲ್ಲ ಗೊತ್ತು. ಆದರೆ ಗೇಟಿಗೆ ಹೋಗಲು ಹಜಾರ ದಾಟಬೇಕು, ಹಜಾರದಲ್ಲಿ ಅವರಿಬ್ಬರೂ ಕೂತಿದ್ದಾರೆ. ಇನ್ನೊಂದು ಸ್ಪ್ಯಾನರೂ ಅಲ್ಲಿನ ಕಪಾಟಿನಲ್ಲೇ ಇತ್ತು. ಸದ್ಯಕ್ಕೆ ಸ್ವಲ್ಪ ಸಡಿಲ ಮಾಡಿ ನೋಡೋಣ ಎಂದುಕೊಂಡರು.

ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಪೈಪು ಗೋಡೆಯ ಹತ್ತಿರ ಲಟಕ್ಕನೆ ಮುರಿದು, ವಾಲ್ವು ಸಮೇತ ಕೈಗೆ ಬಂತು. ನೀರು ಮುಖಕ್ಕೆ ರಾಚಿತು. ಟವೆಲ್ಲು ತುರುಕಿ ಎರಡೂ ಅಂಗೈ ಒತ್ತಿ ಹಿಡಿದು, ಗೇಟಿನ ವಾಲ್ವು ಮುಚ್ಚು ಎಂದು ಹೆಂಡತಿಗೆ ಕೂಗಿ ಹೇಳಿದರು. ಆಕೆ ಅಡುಗೆಮನೆಯಿಂದ ಎದ್ದುಬಿದ್ದು ಓಡಿದರು.

ಅಷ್ಟರಲ್ಲಿ ಮಗಳು ಬಾಗಿಲಿಗೆ ಬಂದು ನಿಂತಳು. ಹೆಗಲಲ್ಲಿ ಅದೇ ಬ್ಯಾಗಿತ್ತು.

"ಹೊರಡ್ತಾ ಇದ್ದೀನಪ್ಪ."

ಅಂದವಳು ಹೋಗಲಿಲ್ಲ, ಕಾದಳು. ಕಂಡಕ್ಟರು, ಈಗಲಾದರೂ ಬಾಯಿ ಬಿಡೋ ಮಾರಾಯ ಎಂದು ತಮ್ಮನ್ನೇ ಬೈದುಕೊಂಡರು. ಬಾಯಿ ಬಿಟ್ಟರು ಕೂಡ.

"ಒಳಗೆ ಬರಬೇಡಮ್ಮ, ಒದ್ದೆಯಾಗ್ತೀಯ."

ಮಗಳು ಇನ್ನೊಂದು ಚೂರು ಹೊತ್ತು ನಿಂತಳು.

"ಸರಿ," ಅಂದಳು. "ತಲೆ ಒರೆಸ್ಕೋ. ಶೀತ ಆಗುತ್ತೆ."

ಹಜಾರದಲ್ಲಿ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಗೇಟಿನದು, ಆಮೇಲೆ ಗಾಡಿಯದು. ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದಾಗಲೂ ಅವರು ಪೈಪು ಒತ್ತಿ ಹಿಡಿದೇ ಕೂತಿದ್ದರು. ಆಕೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟವೆಲ್ಲು ಮುಟ್ಟಿ ನೋಡಿದರು.

"ಗಾಡಿ ಹತ್ತೋವಾಗ ತಿರುಗಿ ತಿರುಗಿ ನೋಡಿದ್ಳು, ನೀವು ಬರ್ತೀರೇನೋ ಅಂತ. ನಾನು ಆಗಲೇ ಮುಚ್ಚಿದ್ನಲ್ರೀ. ಅವಳು ಇಲ್ಲಿ ನಿಂತಿದ್ದಾಗ್ಲೇ ನೀರು ನಿಂತಿತ್ತು."

ಅವರಿಗದು ಗೊತ್ತಿತ್ತು. ಅಂಗೈಯನ್ನು ನೂಕುತ್ತಿದ್ದ ನೀರಿನ ಜೋರು ಇಳಿದುಹೋದದ್ದು, ಮಗಳು 'ಸರಿ' ಅನ್ನುವ ಮೊದಲೇ ತಿಳಿದಿತ್ತು. ಕೈ ತೆಗೆದಿದ್ದರೆ ಎದ್ದು ಹೋಗಬೇಕಾಗುತ್ತಿತ್ತು.