ಮುಂಗಡ ಹರಕೆಯ ಪಟ

ಗಂಡ ತೀರಿಕೊಂಡ ಮೇಲಿನ ಒಂಬತ್ತು ದಿನದ ಜಪ ಮುಗಿದು, ನೆಲದ ಮೇಲೆ ಬರೆದಿದ್ದ ಸುಣ್ಣದ ಶಿಲುಬೆಯನ್ನು ಗುಡಿಸಿ ಎತ್ತಿ, ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಸಿಂತಾ ಹಾಲು ಕಾಯಿಸಿದಳು. ಉಕ್ಕಿತು. ಒರೆಸಿದಳು. ಅಳು ಬರಲಿಲ್ಲ.

ಅಷ್ಟರಲ್ಲಿ ಸೀಸದ ಕಾರ್ಖಾನೆಯ ಮ್ಯಾನೇಜರ್ ದೊನ್ ಬೆನಿಗ್ನೊ ಬಾಗಿಲಿಗೆ ಬಂದ.

"ನಿಮ್ಮ ಯಜಮಾನ್ರು ಬರೀತಿದ್ದ ಆ ಹರಕೆ ಪಟ ಎಲ್ಲಿಗೆ ಬಂತಮ್ಮ? ಭಾನುವಾರ ಇಗರ್ಜಿಯಲ್ಲಿ ತೂಗುಹಾಕಬೇಕು."

"ಮುಖ ಬಾಕಿ ಇದೆ."

"ನೀವೂ ಕಾಲೇಜಲ್ಲಿ ಚಿತ್ರ ಬರೆಯೋದನ್ನೇ ಓದಿದ್ರಂತಲ್ಲ. ಕೆನ್ನೆಗೆ ಒಂಚೂರು ಕೆಂಪು ಬಳಿದು, ಕೆಳಗೆ 'ಮಾತೆಯ ಕೃಪೆಯಿಂದ ನಿಯೆವೆಸ್ ಗುಣವಾದಳು' ಅಂತ ಬರೆದುಬಿಡಿ."

"ಗುಣ ಆದ್ಮೇಲೆ ಅಲ್ವಾ ಸಾಹೇಬ್ರೆ, ಹರಕೆ ಪಟ ಕಟ್ಟೋದು?"

"ಆಗ್ತಾಳೆ ಬಿಡಿ. ಮುಂಗಡವಾಗಿ ಥ್ಯಾಂಕ್ಸ್ ಹೇಳಿದ್ರೆ ದೇವರೇನು ಬೇಜಾರು ಮಾಡ್ಕೊಳ್ಳಲ್ಲ." ನಕ್ಕ. "ನಮ್ಮ ಹೊಗೆಯಿಂದ ಮಕ್ಕಳಿಗೆ ಕಾಯಿಲೆ ಅಂತ ಬರೆಯೋ ಮೆಕ್ಸಿಕೊ ಸಿಟಿ ಪೇಪರಿನವರ ಬಾಯೂ ಮುಚ್ಚುತ್ತೆ."

ಅವನು ಹೋದ ಮೇಲೆ ತಗಡಿನ ಪಟವನ್ನು ಕಿಟಕಿಯ ಬೆಳಕಿಗೆ ತಂದಳು. ಮೇಲೆ ಮೋಡ, ಮೋಡದಲ್ಲಿ ಮರಿಯ ಮಾತೆ, ಕೆಳಗೆ ಮಂಚ, ಹಳದಿ ಫ್ರಾಕು: ಗಂಡ ತಿಬುರ್ಸಿಯೊ ಎಲ್ಲ ಮುಗಿಸಿದ್ದ. ಕಾಯಿಲೆಯ ಹುಡುಗಿ ನಿಯೆವೆಸ್‌ಗೆ ಕೂರುವ ಶಕ್ತಿಯಿಲ್ಲವೆಂದು ಹೋದ ಈಸ್ಟರಿಗೆ ಅವಳ ಫ್ರಾಕನ್ನೇ ಎರವಲು ತಂದು, ಕುರ್ಚಿಗೆ ತೊಡಿಸಿ ಬರೆದಿದ್ದ. ಮುಖದಲ್ಲಿ ಮಾತ್ರ ಬರೀ ಹಸಿರು, ಮೈಬಣ್ಣಕ್ಕೆ ಮೊದಲು ಅವನು ಹಚ್ಚುತ್ತಿದ್ದ ತಳಬಣ್ಣ. ಕೆನ್ನೆಗೆ ಕೆಂಪು ಹಚ್ಚಿ, ಕೆರೆದು, ಮತ್ತೆ ಹಚ್ಚಿ ಕೆರೆದ ಗೀರುಗಳು.

ಕೆರೆದಿದ್ದ. ಆದರೆ ಆಗುವುದಿಲ್ಲ ಎಂದು ಮ್ಯಾನೇಜರಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಸತ್ತವನ ಮೇಲೆ ಬಂದ ಸಿಟ್ಟು ಅಷ್ಟು ದಿನ ಮರಗಟ್ಟಿದ್ದ ಅವಳ ಕೈಯನ್ನು ಬಿಸಿ ಮಾಡಿತು.

ಹಸಿರನ್ನು ಅವಳು ಮುಚ್ಚಲಿಲ್ಲ. ಮೇಲೆ ತೆಳ್ಳಗೆ ಬೂದುಬಣ್ಣ ಎಳೆದಳು; ನಿಯೆವೆಸ್‌ಳ ಮುಖ ಇದ್ದದ್ದೇ ಹಾಗೆ. ಬಾಯಿಯನ್ನು ಅರೆ ತೆರೆದಂತೆ ಬರೆದಳು. ವಸಡಿನ ಅಂಚಿಗೆ ಸಣ್ಣ ಕುಂಚದಿಂದ ನೀಲಿ ಗೆರೆ ಕೊಟ್ಟಳು, ಊರಿನ ಪ್ರತಿ ತಾಯಿಯೂ ಬಲ್ಲ, ಮೈಗೇರಿದ ಸೀಸದ ಗೆರೆ. ಆಮೇಲೆ ಚಾಕು ತೆಗೆದುಕೊಂಡು ಮಾತೆಯನ್ನು ಕೆರೆದು, ಅಲ್ಲಿ ಕಾರ್ಖಾನೆಯ ಚಿಮಣಿ ಬರೆದಳು. ಮೋಡವನ್ನು ಮುಟ್ಟಬೇಕಾಗಲಿಲ್ಲ, ತಾನಾಗಿ ಹೊಗೆಯಾಯಿತು. ಕೆಳಗೆ ಬರೆದಳು: 'ನಿಯೆವೆಸ್ ಗುಣವಾಗಿಲ್ಲ.'

ಸಂಜೆ ಪಟವನ್ನೂ ಫ್ರಾಕನ್ನೂ ಹಿಡಿದು ಹುಡುಗಿಯ ಮನೆಗೆ ಹೋದಳು. ತಾಯಿ ಕೂಕಾ ಪಟವನ್ನು ಬಹಳ ಹೊತ್ತು ನೋಡಿದಳು.

"ಇಗರ್ಜಿಲಿ ಹಾಕಲಾ?" ಹಸಿಂತಾ ಕೇಳಿದಳು.

"ಅಲ್ಲಿ ಯಾಕೆ ತಂಗೀ? ಕಾರ್ಖಾನೆ ಗೇಟಿಗೇ ಹೊಡಿಯೋಣ. ಮೊಳೆ ನನ್ನ ಹತ್ರ ಇದೆ."

ಮಂಚದಿಂದ ನಿಯೆವೆಸ್ ಗೊಣಗಿದಳು. "ನನ್ನ ಫ್ರಾಕ್ ತರೋಕೆ ಇಷ್ಟು ದಿನ ಬೇಕಾ ಚಿಕ್ಕಮ್ಮ? ನಾನು ದೊಡ್ಡೋಳಾಗಿದ್ದೀನಿ. ಬಿಗಿಯಾಗುತ್ತೆ ನೋಡಿ."

ಹಸಿಂತಾ ಅವಳನ್ನು ಎತ್ತಿ ಕೂರಿಸಿ ಫ್ರಾಕು ತೊಡಿಸಿದಳು. ಅದು ಹೆಗಲಿನಿಂದ ಜಾರಿತು.