ಪಂಚಮಿಗೆ ಕರೆಯಲು ಬಂದವನು

ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಹಣಮವ್ವನ ಬೆರಳ ತುದಿಗಳು ಸೀಳಿದ್ದವು. ಹತ್ತಿಯ ಧೂಳು ಎದೆಯಲ್ಲಿ ಕೂತು ಕೆಮ್ಮು ತಂದಿತ್ತು. ಕೆಮ್ಮಿಗೆ ರಜೆ ಇಲ್ಲ, ರಜೆಗೆ ಕೂಲಿ ಇಲ್ಲ. ಗಂಡ ಭೀಮಪ್ಪ ಸತ್ತ ಮೇಲೆ ಅವಳಿಗೆ ತನ್ನದು ಅಂತ ಉಳಿದದ್ದು ಅನಗವಾಡಿಯ ಹೊಳೆದಂಡೆಯಲ್ಲಿ ಅಪ್ಪ ರೇವಪ್ಪ ಬಿಟ್ಟುಹೋದ ಎರಡು ಎಕರೆ ಹೊಲವೊಂದೇ. ಅದನ್ನು ಪಾಲಿಗೆ ಹಾಕಿದ್ದಳು. ವರ್ಷಕ್ಕೊಮ್ಮೆ ಬರುವ ಜೋಳವೇ ಅವಳ ತವರು.

ಪಂಚಮಿ ಬಂತೆಂದರೆ ಓಣಿಯ ಹೆಂಗಸರನ್ನೆಲ್ಲ ಅಣ್ಣತಮ್ಮಂದಿರು ತವರಿಗೆ ಕರೆಯಲು ಬರುತ್ತಾರೆ. ಹಣಮವ್ವನನ್ನು ಕರೆಯುವವರಿಲ್ಲ. ಅಪ್ಪನ ತಮ್ಮ, ಕಾಕಾ ಒಬ್ಬನಿದ್ದ. ಕುರಿ ಹೊಡೆದುಕೊಂಡು ಮಹಾರಾಷ್ಟ್ರದ ಕಡೆ ಹೋದವನು ತಿರುಗಿ ಬರಲಿಲ್ಲ. ಹಬ್ಬದ ದಿನ ಅವಳು ಬಾಗಿಲು ಮುಚ್ಚಿಕೊಂಡು ಮಲಗಿಬಿಡುತ್ತಿದ್ದಳು.

ಈ ಸಲ ಬಾಗಿಲಲ್ಲಿ ಒಬ್ಬ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಸಿರು ಸೀರೆ, ಶೇಂಗಾದ ಉಂಡಿ.

"ಅಕ್ಕಾ, ನಾ ಹಾಲೇಶ. ನಿಮ್ಮ ಕಾಕಾನ ಮಗ. ಪಂಚಮಿಗಿ ಕರ್ಯಾಕ ಬಂದೇನಿ."

ಹಣಮವ್ವನ ಕಣ್ಣು ತುಂಬಿ ಬಂದವು. ತುಂಬಿದ ಕಣ್ಣಲ್ಲೇ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನನ್ನ ಮನಿ ಹೆಂಗ ಸಿಕ್ತೋ ತಮ್ಮಾ?"

"ಹುಡುಕಿದ್ರ ಸಿಗೂದಿಲ್ಲೇನ? ಹಣಮವ್ವ, ಗಂಡ ಭೀಮಪ್ಪ, ವಯಸ್ಸು ಐವತ್ತೆಂಟು. ಅನಗವಾಡ್ಯಾಗ ಎರಡು ಎಕರೆ. ಖರೆ ಹೌದಲ್ಲ?"

ಖರೆಯೇ. ಆದರೆ ಆ ವಯಸ್ಸು, ಹಿಂದೊಮ್ಮೆ ಮತದಾರರ ಪಟ್ಟಿ ಬರೆಯಲು ಬಂದ ಮಾಸ್ತರರು ಅವಳ ತಲೆಗೂದಲು ನೋಡಿ ಅಂದಾಜಿಗೆ ಹಾಕಿದ್ದು. ಖರೆ ವಯಸ್ಸು ಅವಳಿಗೇ ಗೊತ್ತಿಲ್ಲ. ಮಾಸ್ತರರ ಅಂದಾಜು ಕಾಕಾನ ಮಗನಿಗೆ ಹೇಗೆ ಗೊತ್ತಾಯಿತು?

ರೊಟ್ಟಿ ಬಡಿದು ಊಟಕ್ಕೆ ಹಾಕಿದಳು. ಉಣ್ಣುತ್ತಾ ಅವನು ಮೆಲ್ಲಗೆ ಮಾತು ತೆಗೆದ. "ಹಾದ್ಯಾಗ ಬೀಳಗಿ ಕಚೇರ್ಯಾಗ ಒಂದು ಹೆಬ್ಬಟ್ಟು ಒತ್ತೂದೈತಿ ಅಕ್ಕಾ. ಹೊಲಕ್ಕ ಸರಕಾರದವರು ಬೋರ್ ಕೊಡಾಕತ್ತಾರ."

ಹಣಮವ್ವ ಮಾತು ತಿರುಗಿಸಿ ಅವನ ಮಕ್ಕಳ ಸುದ್ದಿ ಕೇಳಿದಳು. ಮಗಳ ಲಗ್ನವಾಯಿತು ಎಂದ.

"ಕಂಕಣ ಎಂಥಾದ್ದು ಕಟ್ಟಿದ್ರೋ?"

"ಎಲ್ಲಾರೂ ಕಟ್ಟೂದು. ಹತ್ತಿ ದಾರಕ್ಕ ಅರಿಷಿಣ ಹಚ್ಚಿ ಕಟ್ಟಿದ್ವಿ."

ಹಣಮವ್ವ ಇನ್ನೊಂದು ರೊಟ್ಟಿ ಬಡಿಸಿದಳು. ಅವಳ ತವರಿನವರು ಉಣ್ಣೆ ಕಂಕಣದ ಕುರುಬರು. ಕುರಿಯ ಉಣ್ಣೆ ಹೊಸೆದು ಬೀರೇಶ್ವರನ ಹೆಸರಲ್ಲಿ ಕಟ್ಟದೆ ಆ ಮನೆತನದಲ್ಲಿ ಒಂದು ಲಗ್ನವೂ ಆಗಿಲ್ಲ. ಹತ್ತಿ ಕಂಕಣದವರೇ ಬೇರೆ. ಇದನ್ನು ಮಾತ್ರ ಸರಕಾರ ಎಲ್ಲೂ ಬರೆದಿಟ್ಟಿರಲಿಲ್ಲ.

"ಸೋಮವಾರ ಬಾ ತಮ್ಮಾ. ಬರ್ತೇನಿ," ಎಂದಳು.

ಅವನು ಹೋದದ್ದೇ ತಡ, ಓಣಿಯ ತುದಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅಂಜನಾಳ ಬಳಿಗೆ ಓಡಿ ನಡೆದದ್ದನ್ನೆಲ್ಲ ಹೇಳಿದಳು.

"ಪಹಣಿ, ಮತದಾರರ ಪಟ್ಟಿ, ಎಲ್ಲಾ ಮೊಬೈಲಿನ್ಯಾಗ ಐತಿ ಯಕ್ಕಾ. ಯಾರು ಬೇಕಾದ್ರೂ ನೋಡಬಹುದು," ಎಂದಳು ಅಂಜನಾ.

"ಅಂವ ನನ್ನ ನೋಡಬಹುದಂದ್ರ ನಾನೂ ನೋಡಬಹುದಲ್ಲ? ನನ್ನ ಹೊಲದ ಅಕ್ಕಪಕ್ಕ ಯಾರದೈತಿ, ತಗಿ."

ತೆಗೆದಳು. ಅತ್ತ ಶಿದ್ರಾಮಪ್ಪ, ಇತ್ತ ಶಿದ್ರಾಮಪ್ಪ. ಹೊಳೆಯುದ್ದಕ್ಕೂ ಆ ಊರಿನ ಸಾಹುಕಾರನದೇ ಹೆಸರು. ಹಳೆಯ ಪಹಣಿ ತೆಗೆದು ನೋಡಿದರೆ, ಹೋದ ವರ್ಷದವರೆಗೆ ಅವು ಹೆಂಗಸರ ಹೆಸರಲ್ಲಿದ್ದ ಹೊಲಗಳು, ಹಿಂದುಮುಂದು ಯಾರೂ ಇಲ್ಲದ ಹೆಂಗಸರವು. ಜನರ ಅನುಕೂಲಕ್ಕೆಂದು ಸರಕಾರ ಎಲ್ಲವನ್ನೂ ತೆರೆದಿಟ್ಟಿತ್ತು. ಅನುಕೂಲ ಮೊದಲು ಆದದ್ದು ಶಿದ್ರಾಮಪ್ಪನಿಗೆ!

ಆ ಹೆಂಗಸರಲ್ಲಿ ರುಕ್ಮವ್ವ ಎಂಬವಳೊಬ್ಬಳು. ಅಂಜನಾ ಅವಳ ಹೆಸರು, ಗಂಡನ ಹೆಸರು ಹಾಕಿ ಮತದಾರರ ಪಟ್ಟಿಯಲ್ಲಿ ಹುಡುಕಿದಳು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಸಿಕ್ಕಳು. ಮರುದಿನ ಇಬ್ಬರೂ ಮುಧೋಳದ ಬಸ್ಸು ಹತ್ತಿದರು.

ರುಕ್ಮವ್ವ ಪಡಸಾಲೆಯಲ್ಲಿ ಉಂಡಿ ಕಟ್ಟುತ್ತಾ ಕೂತಿದ್ದಳು.

"ನನ್ನ ತಮ್ಮ ಬರಾಂವದಾನ್ರಿ. ಹ್ವಾದ ಪಂಚಮಿಗಿ ಸೀರಿ ತಂದು ಬೀಳಗಿಗಿ ಕರ್ಕೊಂಡು ಹೋಗಿದ್ದ. ಹೆಬ್ಬಟ್ಟು ಒತ್ತಿದ ಮ್ಯಾಲೆ ಬಸ್ಸಿಗಿ ಕುಂಡ್ರಿಸಿ ಕಳಿಸಿದ. ಈ ವರ್ಷ ಊರಿಗೇ ಕರ್ಕೊಂಡು ಹೋಗ್ತೇನಂದಾನ."

ಹಣಮವ್ವ ಅವಳ ಎದುರು ಕೂತಳು. ಹೊಲ ಹೋಯಿತೆಂದು ಹೇಳಬಹುದು. ತಮ್ಮನೇ ಇಲ್ಲವೆಂದು ಹೇಗೆ ಹೇಳುವುದು? ಆದರೂ ಹೇಳಿದಳು. ರುಕ್ಮವ್ವ ಉಂಡಿಯ ಪರಾತ ಪಕ್ಕಕ್ಕೆ ಸರಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಉಳಿದಾಕಿಗೋಳ್ನೂ ಹುಡುಕ್ರಿ," ಎಂದಳು.

ಸೋಮವಾರ ಬೀಳಗಿಯ ನೋಂದಣಿ ಕಚೇರಿಯ ಹೊರಗೆ ಶಿದ್ರಾಮಪ್ಪ ಕಾರಿನಲ್ಲೇ ಕೂತಿದ್ದ. ಹೆಬ್ಬಟ್ಟಿನ ಹೊತ್ತಿಗೆ ಒಳಗೆ ಬರುವುದು ಅವನ ಪದ್ಧತಿ. ಹಾಲೇಶ ಹಣಮವ್ವನ ತೋಳು ಹಿಡಿದು ಒಳಗೆ ಕರೆದೊಯ್ದ. ಬೆಂಚಿನ ಮೇಲೆ ಅಂಜನಾಳ ಜೊತೆ ಸೆರಗು ಹೊದ್ದ ಮೂವರು ಹೆಂಗಸರು ಕೂತಿದ್ದರು. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ.

ಅಧಿಕಾರಿ ಗೊಣಗುತ್ತಾ ಕಾಗದ ಓದಿದರು. "ಹೊಲ ಶಿದ್ರಾಮಪ್ಪಗ ಮಾರಾಕತ್ತೀರಿ. ಈಕಿನ ಹಣಮವ್ವ ಅಂತ ಗುರ್ತು ಹಿಡಿಯಾವ್ರು ಯಾರು?"

"ನಾನರಿ. ಈಕಿ ತಮ್ಮ," ಎಂದ ಹಾಲೇಶ.

ಬೆಂಚಿನಿಂದ ರುಕ್ಮವ್ವ ಎದ್ದಳು.

"ಇವನ್ನ ಗುರ್ತು ಹಿಡಿಯಾವ್ರು ಯಾರಂತ ಕೇಳ್ರಿ ಸಾಹೇಬ್ರ. ನಾ ಹಿಡೀತೇನಿ. ಹ್ವಾದ ವರ್ಷ ನನಗೂ ತಮ್ಮ ಆಗಿದ್ದ."

"ನನಗೂ," ಎಂದಳು ಎರಡನೆಯವಳು. ಮೂರನೆಯವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

ಹಾಲೇಶ ಸಾಹುಕಾರನಿಗೆ ಫೋನು ಹಚ್ಚಿದ. ಹೊರಗೆ ಕಾರು ಚಾಲೂ ಆಗಿ ಧೂಳೆಬ್ಬಿಸಿ ಹೋಯಿತು.

"ಅರ್ಜಿ ಬರದು ಕೊಡ್ರಿ, ನೋಡೂಣು," ಎಂದರು ಅಧಿಕಾರಿ.

"ಬರದು ಕೊಡ್ತೇವ್ರಿ," ಎಂದಳು ಹಣಮವ್ವ. "ನೀವು ನೋಡೂತನಕಾ ನಾವು ಹೊಲದಾಗ ಕುಂತಿರ್ತೇವಿ. ಸಾಹುಕಾರ ಕಾರು ತಗೊಂಡು ಓಡ್ಯಾನ. ಹೊಲ ಹೊತ್ಕೊಂಡು ಓಡ್ಯಾನೇನ? ನಡೀರೇ, ಅನಗವಾಡಿ ಬಸ್ಸು ಬರೂ ಹೊತ್ತಾತು."